ಅನಲಾಗ್ ಮಂಡಲಗಳ ಮೊದಲ ಪಠ್ಯಪುಸ್ತಕ: ಆಯ್ಕೆ ಮತ್ತು ವ್ಯಾಸಂಗ

ಎಲೆಕ್ಟ್ರಾನಿಕ್ಸ್ ವ್ಯಾಸಂಗದಲ್ಲಿ ಅನಲಾಗ್ ಮಂಡಲಗಳ ಭಾಗವೇ ಅತ್ಯಂತ ಕಠಿನವೆಂಬ ಮಾತು ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಈ ಕಾಠಿನ್ಯ ಗಣಿತದಿಂದ ಬಂದುದಲ್ಲ. ಓಮನ ನಿಯಮ, ಕಿರ್ಚಾಫನ ಎರಡು ನಿಯಮಗಳು, ಸ್ವಲ್ಪಮಟ್ಟಿನ ಕಲನಶಾಸ್ತ್ರ, ಇಷ್ಟು ತಿಳಿದವರಿಗೆ ಪ್ರಾರಂಭದ ಪಾಠಗಳಲ್ಲಿ ಬಿಡಿಸಲಾಗದ ಸಮೀಕರಣ ಯಾವುದೂ ಎದುರಾಗುವುದಿಲ್ಲ. ಕಷ್ಟವಿರುವುದು ಬೇರೆಡೆಯಲ್ಲಿ. ಒಂದು ಮಂಡಲದಲ್ಲಿ ನೂರು ಸಂಗತಿಗಳು ಏಕಕಾಲದಲ್ಲಿ ನಡೆಯುತ್ತಿರುವಾಗ, ಅವುಗಳಲ್ಲಿ ಯಾವುದನ್ನು ಗಣನೆಗೆ ತೆಗೆದುಕೊಳ್ಳಬೇಕು, ಯಾವುದನ್ನು ನಿಶ್ಚಿಂತೆಯಿಂದ ಬಿಡಬಹುದು ಎಂಬ ವಿವೇಕವನ್ನು ವಿದ್ಯಾರ್ಥಿ ಸಂಪಾದಿಸಬೇಕಾಗಿದೆ. ಈ ವಿವೇಕ ಬಾರದಿದ್ದರೆ, ಪರೀಕ್ಷೆಯಲ್ಲಿ ಮೂರು ದಶಾಂಶ ಸ್ಥಾನಗಳವರೆಗೆ ಉತ್ತರ ಬರೆದು ಅಂಕ ಪಡೆದವರು ಕೂಡ, ಪ್ರಯೋಗಶಾಲೆಯ ಮೇಜಿನ ಮೇಲಿರುವ ವರ್ಧಕದ ಕಲೆಕ್ಟರಿನಲ್ಲಿ ಎಷ್ಟು ವೋಲ್ಟೇಜು ಇರಬೇಕೆಂದು ಕೇಳಿದರೆ ಮೌನ ವಹಿಸುತ್ತಾರೆ.

ಆದುದರಿಂದ ಮೊದಲ ಪಠ್ಯಪುಸ್ತಕವನ್ನು ಆರಿಸುವ ಕಾರ್ಯ ಸಾಮಾನ್ಯವಾದುದಲ್ಲ. ಒಂದು ವಿಭಾಗ ಒಮ್ಮೆ ಗೊತ್ತುಮಾಡಿದ ಪುಸ್ತಕ ಹಲವು ವರ್ಷಗಳ ಕಾಲ ಪಾಠಕ್ಕೂ ಪ್ರಶ್ನೆಪತ್ರಿಕೆಗೂ ಆಧಾರವಾಗಿ ನಿಲ್ಲುತ್ತದೆ. ಮೇಲೆ ಹೇಳಿದ ವಿವೇಕವನ್ನು ಕಲಿಸುವ ಪುಸ್ತಕ ಯಾವುದು, ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಓದುವ ಕ್ರಮವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡುತ್ತೇವೆ.

೧. ಪುಸ್ತಕಗಳು ನಡೆದುಬಂದ ದಾರಿ

ಪುಸ್ತಕಗಳಲ್ಲಿ ಇಂದು ಕಾಣುವ ಭೇದಗಳಿಗೆ ಚಾರಿತ್ರಿಕ ಕಾರಣಗಳಿವೆ. ಟರ್ಮನ್‌ರವರ ‘ರೇಡಿಯೊ ಎಂಜಿನಿಯರಿಂಗ್’ ೧೯೩೨ರಲ್ಲಿ ಪ್ರಕಟವಾದಾಗ ನಿರ್ವಾತ ನಳಿಗೆಗಳ ಕಾಲ. ೧೯೪೭ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಟ್ರಾನ್ಸಿಸ್ಟರನ್ನು ತೋರಿಸಿಕೊಟ್ಟರು. ಅವರಿಗೂ ಷಾಕ್ಲಿಯವರಿಗೂ ೧೯೫೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೊಸ ಸಾಧನ ಬಂದಿತಾದರೂ ಅದನ್ನು ಬೋಧಿಸುವ ಕ್ರಮ ಕೂಡಲೆ ಸಿದ್ಧವಾಗಲಿಲ್ಲ. ೧೯೬೦ರಲ್ಲಿ ಅಮೆರಿಕದಲ್ಲಿ ಸೆಮಿಕಂಡಕ್ಟರ್ ಎಲೆಕ್ಟ್ರಾನಿಕ್ಸ್ ಶಿಕ್ಷಣಕ್ಕಾಗಿಯೇ ಒಂದು ಸಮಿತಿ ರಚಿತವಾಯಿತು. ಸಾಧನದ ಭೌತಶಾಸ್ತ್ರವನ್ನೂ ಮಂಡಲದ ವರ್ತನೆಯನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಸಣ್ಣ ಪುಸ್ತಕಗಳ ಮಾಲೆಯೊಂದನ್ನು ಅದು ೧೯೬೪ರಿಂದ ಹೊರತಂದಿತು.

ನಮ್ಮ ದೇಶದ ಕಾಲೇಜುಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದುದು ಮಿಲ್‌ಮನ್ ಮತ್ತು ಹಾಲ್ಕಿಯಸ್‌ರವರ ‘ಎಲೆಕ್ಟ್ರಾನಿಕ್ ಡಿವೈಸಸ್ ಅಂಡ್ ಸರ್ಕ್ಯೂಟ್ಸ್’, ೧೯೬೭. ಟ್ರಾನ್ಸಿಸ್ಟರನ್ನು ಒಂದು ಮುಚ್ಚಿದ ಪೆಟ್ಟಿಗೆಯೆಂದು ಭಾವಿಸಿ, ಅದರ ಎರಡು ಬದಿಗಳಲ್ಲಿ ಅಳೆದ ನಾಲ್ಕು ‘ಎಚ್’ ಸಂಖ್ಯೆಗಳಿಂದ ವರ್ಧನೆಯನ್ನು ಲೆಕ್ಕಹಾಕುವ ಪದ್ಧತಿಗೆ ಆ ಪುಸ್ತಕದಲ್ಲಿ ದೊಡ್ಡ ಸ್ಥಾನವಿದೆ. ಪದ್ಧತಿ ದೋಷಯುಕ್ತವಲ್ಲ. ಆದರೆ ಆ ನಾಲ್ಕು ಸಂಖ್ಯೆಗಳು ಪ್ರವಾಹದೊಡನೆ ಬದಲಾಗುವಂಥವು. ಅವುಗಳನ್ನು ಕೊಟ್ಟ ಅಂಕಿಗಳೆಂದು ಸ್ವೀಕರಿಸಿ ಸೂತ್ರಕ್ಕೆ ತುಂಬುವ ಅಭ್ಯಾಸ ಬೆಳೆದರೆ, ಟ್ರಾನ್ಸಿಸ್ಟರಿನ ಅತಿ ಸರಳವಾದ ಸತ್ಯವೊಂದು ಮರೆಯಾಗುತ್ತದೆ. ಸಾಧಾರಣ ಉಷ್ಣತೆಯಲ್ಲಿ, ಕಲೆಕ್ಟರಿನ ಪ್ರವಾಹವನ್ನು ೨೫ ಮಿಲಿವೋಲ್ಟಿನಿಂದ ಭಾಗಿಸಿದರೆ ಬರುವುದೇ ಅದರ ಪರಸ್ಪರ ವಾಹಕತೆ. ೧ ಮಿಲಿಆಂಪಿಯರ್ ಪ್ರವಾಹವಿದ್ದರೆ ಅದರ ವಿಲೋಮ ೨೫ ಓಮ್. ಈ ಅಂಕಿ ತಯಾರಕರನ್ನೂ ಅವಲಂಬಿಸುವುದಿಲ್ಲ, ಬೀಟಾವನ್ನೂ ಅವಲಂಬಿಸುವುದಿಲ್ಲ.

ತರುವಾಯ ಬಂದ ಪುಸ್ತಕಗಳಲ್ಲಿ ಮೂರನ್ನು ಹೆಸರಿಸುವುದು ಅಗತ್ಯ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಯೋಗಪಾಠಗಳಿಂದ ಹುಟ್ಟಿದ, ಹಾರೊವಿಟ್ಸ್ ಮತ್ತು ಹಿಲ್ ರಚಿಸಿದ ‘ದಿ ಆರ್ಟ್ ಆಫ್ ಎಲೆಕ್ಟ್ರಾನಿಕ್ಸ್’ ೧೯೮೦ರಲ್ಲಿಯೂ, ಸೆಡ್ರಾ ಮತ್ತು ಸ್ಮಿತ್‌ರವರ ‘ಮೈಕ್ರೊಎಲೆಕ್ಟ್ರಾನಿಕ್ ಸರ್ಕ್ಯೂಟ್ಸ್’ ೧೯೮೨ರಲ್ಲಿಯೂ, ರಜಾವಿಯವರ ‘ಫಂಡಮೆಂಟಲ್ಸ್ ಆಫ್ ಮೈಕ್ರೊಎಲೆಕ್ಟ್ರಾನಿಕ್ಸ್’ ೨೦೦೮ರಲ್ಲಿಯೂ ಮೊದಲು ಪ್ರಕಟವಾದವು. ಇವುಗಳ ಗುಣಾವಗುಣಗಳನ್ನು ತೂಗುವ ಮೊದಲು ತೂಗುವ ತಕ್ಕಡಿಯನ್ನು ಸಿದ್ಧಪಡಿಸಿಕೊಳ್ಳಬೇಕು.

೨. ಮೊದಲನೆಯ ಪರೀಕ್ಷೆ: ಒಂದು ಟ್ರಾನ್ಸಿಸ್ಟರಿನ ವರ್ಧಕ

ಪುಸ್ತಕದ ಮುನ್ನುಡಿಯನ್ನಾಗಲಿ ಪುಟಸಂಖ್ಯೆಯನ್ನಾಗಲಿ ನೋಡಿ ಆಯ್ಕೆ ಮಾಡುವುದು ಸರಿಯಲ್ಲ. ಒಂದೇ ಟ್ರಾನ್ಸಿಸ್ಟರಿರುವ ವರ್ಧಕಕ್ಕೆ ಬಯಾಸ್ ಒದಗಿಸುವ ಅಧ್ಯಾಯವನ್ನು ತೆರೆದು, ಅಲ್ಲಿ ಲೇಖಕರು ಏನನ್ನು ಕೇಳುತ್ತಾರೆ ಎಂಬುದನ್ನು ಗಮನಿಸಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಕ್ಕುವ ಬಿಸಿ೫೪೭ ಎಂಬ ಟ್ರಾನ್ಸಿಸ್ಟರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಬೀಟಾ, ಎಂದರೆ ಬೇಸ್ ಪ್ರವಾಹಕ್ಕೂ ಕಲೆಕ್ಟರ್ ಪ್ರವಾಹಕ್ಕೂ ಇರುವ ಪ್ರಮಾಣ, ೧೧೦ರಿಂದ ೮೦೦ರವರೆಗೆ ಎಷ್ಟಾದರೂ ಇರಬಹುದೆಂದು ಡೇಟಾಶೀಟು ಹೇಳುತ್ತದೆ. ನಾವು ಅಷ್ಟು ದೂರ ಹೋಗದೆ, ಬೀಟಾ ಒಮ್ಮೆ ೧೦೦ ಎಂದೂ ಒಮ್ಮೆ ೩೦೦ ಎಂದೂ ಇಟ್ಟುಕೊಂಡರೆ ಸಾಕು.

ಸರಬರಾಜು ೧೨ ವೋಲ್ಟ್, ಕಲೆಕ್ಟರಿನ ರೋಧ ೪.೭ ಕಿಲೋಓಮ್. ಬೇಸಿಗೆ ಒಂದೇ ಒಂದು ರೋಧಕದ ಮೂಲಕ ಪ್ರವಾಹ ಕೊಡುವ ಮಂಡಲದಲ್ಲಿ, ಬೀಟಾ ೧೦೦ ಎಂದು ನಂಬಿ ೧ ಮಿಲಿಆಂಪಿಯರ್ ಕಲೆಕ್ಟರ್ ಪ್ರವಾಹಕ್ಕಾಗಿ ಲೆಕ್ಕಮಾಡಿದರೆ, ಬೇಸಿನ ರೋಧ ಸುಮಾರು ೧.೧೪ ಮೆಗಾಓಮ್ ಆಗುತ್ತದೆ. ಕಲೆಕ್ಟರಿನ ವೋಲ್ಟೇಜು ೭.೩ ವೋಲ್ಟ್. ಈಗ ಟ್ರಾನ್ಸಿಸ್ಟರನ್ನು ಬದಲಿಸಿ, ಬೀಟಾ ೩೦೦ ಇರುವುದನ್ನು ಕೂಡಿಸಿದರೆ ಪ್ರವಾಹ ೩ ಮಿಲಿಆಂಪಿಯರ್ ಆಗಬೇಕು. ಆದರೆ ೪.೭ ಕಿಲೋಓಮಿನಲ್ಲಿ ೩ ಮಿಲಿಆಂಪಿಯರ್ ಹರಿಯಲು ೧೪.೧ ವೋಲ್ಟ್ ಬೇಕು, ಇರುವುದು ೧೨. ಕಲೆಕ್ಟರು ಎಮಿಟರಿನ ಸಮೀಪಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ವರ್ಧಕ ವರ್ಧಕವಾಗಿ ಉಳಿಯುವುದಿಲ್ಲ.

ಅದೇ ಸ್ಥಾನದಲ್ಲಿ ನಾಲ್ಕು ರೋಧಕಗಳ ಮಂಡಲವನ್ನು ಪರಿಶೀಲಿಸೋಣ. ಸರಬರಾಜಿನಿಂದ ಬೇಸಿಗೆ ೪೭ ಕಿಲೋಓಮ್, ಬೇಸಿನಿಂದ ಭೂಮಿಗೆ ೧೦ ಕಿಲೋಓಮ್, ಎಮಿಟರಿನಿಂದ ಭೂಮಿಗೆ ೧.೫ ಕಿಲೋಓಮ್, ಕಲೆಕ್ಟರಿಗೆ ಮೊದಲಿನಂತೆ ೪.೭ ಕಿಲೋಓಮ್. ಬೇಸಿನ ಎರಡು ರೋಧಕಗಳ ಸರಣಿಯಲ್ಲಿ ಹರಿಯುವ ಪ್ರವಾಹ ಸುಮಾರು ೦.೨೧ ಮಿಲಿಆಂಪಿಯರ್; ಬೇಸ್ ಎಳೆದುಕೊಳ್ಳುವುದು ಬೀಟಾ ೧೦೦ ಇದ್ದರೂ ೦.೦೧ ಮಿಲಿಆಂಪಿಯರಿಗಿಂತ ಕಡಿಮೆ. ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಿಮೆಯಿರುವ ಇದನ್ನು ಬಿಟ್ಟುಬಿಡಬಹುದು. ಆಗ ಬೇಸ್ ೨.೧ ವೋಲ್ಟ್, ಅದರಿಂದ ೦.೬೫ ಕಳೆದರೆ ಎಮಿಟರ್ ೧.೪೫ ವೋಲ್ಟ್, ಪ್ರವಾಹ ಸುಮಾರು ೦.೯೭ ಮಿಲಿಆಂಪಿಯರ್, ಕಲೆಕ್ಟರ್ ೭.೪ ವೋಲ್ಟಿಗೆ ಸ್ವಲ್ಪ ಮೇಲೆ. ಈ ಗಣನೆಯಲ್ಲಿ ಬೀಟಾ ಎಲ್ಲಿಯೂ ಬರಲಿಲ್ಲ. ಬೇಸ್ ಪ್ರವಾಹವನ್ನು ಬಿಡದೆ ಪೂರ್ಣವಾಗಿ ಲೆಕ್ಕಹಾಕಿದರೆ, ಬೀಟಾ ೧೦೦ಕ್ಕೆ ಕಲೆಕ್ಟರ್ ೭.೭ ವೋಲ್ಟ್, ೩೦೦ಕ್ಕೆ ೭.೫ ವೋಲ್ಟ್. ಬೀಟಾ ಮೂರುಪಟ್ಟಾದರೂ ಪ್ರವಾಹ ಶೇಕಡ ೪ರಷ್ಟು ಮಾತ್ರ ಬದಲಾಯಿತು. ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ರೋಧಕದ ಬೆಲೆಯೇ ಶೇಕಡ ೫ರಷ್ಟು ಅತ್ತಿತ್ತ ಇರಬಹುದಾದಾಗ, ಇದಕ್ಕಿಂತ ನಿಷ್ಕೃಷ್ಟವಾದ ಉತ್ತರವನ್ನು ಬಯಸುವುದು ನಿರರ್ಥಕ.

ಒಳ್ಳೆಯ ಪುಸ್ತಕ ಈ ಎರಡು ಮಂಡಲಗಳನ್ನು ಎದುರುಬದುರಾಗಿ ನಿಲ್ಲಿಸುತ್ತದೆ. ಬೀಟಾ ಬದಲಾದರೆ ಏನಾಗುತ್ತದೆ ಎಂದು ಕೇಳುತ್ತದೆ. ಉಷ್ಣತೆ ಏರಿದರೆ ಏನಾಗುತ್ತದೆ ಎಂದೂ ಕೇಳುತ್ತದೆ. ಒಂದೊಂದು ಸೆಂಟಿಗ್ರೇಡ್ ಅಂಶಕ್ಕೆ ಬೇಸ್–ಎಮಿಟರ್ ವೋಲ್ಟೇಜು ಸುಮಾರು ೨ ಮಿಲಿವೋಲ್ಟ್ ಇಳಿಯುವುದರಿಂದ, ೩೦ ಅಂಶಗಳ ಏರಿಕೆಗೆ ೬೦ ಮಿಲಿವೋಲ್ಟ್, ೧.೪೫ ವೋಲ್ಟಿನಲ್ಲಿ ಇದೂ ಶೇಕಡ ೪ರಷ್ಟೇ. ಎಮಿಟರಿನ ರೋಧಕದ ಮೇಲೆ ಒಂದು ವೋಲ್ಟಿಗಿಂತ ಹೆಚ್ಚಾಗಿ ಏಕೆ ಇಡಬೇಕು ಎಂಬ ಪ್ರಶ್ನೆಗೆ ಇಲ್ಲಿಯೇ ಉತ್ತರ ದೊರೆಯುತ್ತದೆ. ಸಾಮಾನ್ಯ ಪುಸ್ತಕವಾದರೋ ‘ಬೀಟಾ ೧೦೦ ಎಂದಿಟ್ಟುಕೊಳ್ಳಿ’ ಎಂದು ಆರಂಭಿಸಿ, ಎರಡು ಮಂಡಲಗಳಿಗೂ ಸೂತ್ರ ಕೊಟ್ಟು, ಎರಡಕ್ಕೂ ಸಮನಾದ ಗೌರವ ಸಲ್ಲಿಸಿ ಮುಂದೆ ಸಾಗುತ್ತದೆ.

ಇದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯನ್ನೂ ನೋಡಬೇಕು. ಎಮಿಟರಿನ ರೋಧಕಕ್ಕೆ ಅಡ್ಡಲಾಗಿ ದೊಡ್ಡ ಧಾರಕವೊಂದನ್ನು ಕೂಡಿಸಿದರೆ ವರ್ಧನೆ ೪.೭ ಕಿಲೋಓಮನ್ನು ಸುಮಾರು ೨೭ ಓಮಿನಿಂದ ಭಾಗಿಸಿದಷ್ಟು, ಎಂದರೆ ೧೭೦ರ ಆಸುಪಾಸು. ಧಾರಕವಿಲ್ಲದಿದ್ದರೆ ೪.೭ನ್ನು ೧.೫ರಿಂದ ಭಾಗಿಸಿದಷ್ಟು, ಸುಮಾರು ೩. ‘ಸಣ್ಣ ಸಿಗ್ನಲ್’ ಎಂಬ ಮಾತನ್ನು ಎಲ್ಲ ಪುಸ್ತಕಗಳೂ ಬಳಸುತ್ತವೆ. ಎಷ್ಟು ಸಣ್ಣದು ಎಂದು ಹೇಳುವವು ಕೆಲವೇ. ಧಾರಕವಿರುವ ವರ್ಧಕದ ಬೇಸಿಗೆ ಕೇವಲ ೫ ಮಿಲಿವೋಲ್ಟ್ ಶೃಂಗದ ಸೈನ್ ತರಂಗವನ್ನು ಕೊಟ್ಟರೂ, ಹೊರಬರುವ ತರಂಗದಲ್ಲಿ ಎರಡನೆಯ ಹಾರ್ಮೋನಿಕ್ ಸುಮಾರು ಶೇಕಡ ೫ರಷ್ಟಿರುತ್ತದೆ. ಈ ಅಂಕಿಯನ್ನು ತಿಳಿಸುವ ಪುಸ್ತಕ ‘ಸಣ್ಣ’ ಎಂಬ ಪದಕ್ಕೆ ಅರ್ಥ ಕೊಟ್ಟಂತಾಯಿತು.

೩. ಎರಡನೆಯ ಪರೀಕ್ಷೆ: ಆಪರೇಷನಲ್ ಆಂಪ್ಲಿಫೈಯರ್

ಹೊರಗಿನ ಸಿಗ್ನಲಿನ ಒಂದು ಭಾಗವನ್ನು ಒಳಕ್ಕೆ ವಿರುದ್ಧವಾಗಿ ತಂದು ಸೇರಿಸುವ ಋಣ ಫೀಡ್‌ಬ್ಯಾಕ್ ತತ್ತ್ವವನ್ನು ಹೆರಾಲ್ಡ್ ಬ್ಲ್ಯಾಕ್ ೧೯೨೭ರಲ್ಲಿ ಕಂಡುಕೊಂಡರು. ವರ್ಧನೆಯ ಬಹುಭಾಗವನ್ನು ತ್ಯಾಗಮಾಡಿ ಅದಕ್ಕೆ ಬದಲಾಗಿ ಸ್ಥಿರತೆಯನ್ನು ಪಡೆಯುವ ಈ ವ್ಯಾಪಾರವೇ ಆಪರೇಷನಲ್ ಆಂಪ್ಲಿಫೈಯರಿನ ಜೀವಾಳ. ಹಿಂದಿನ ಉದಾಹರಣೆಯಲ್ಲಿ ಎಮಿಟರಿನ ರೋಧಕ ಮಾಡಿದ ಕೆಲಸವೂ ಇದೇ ಎಂದು ತೋರಿಸಿಕೊಡುವ ಪುಸ್ತಕ ವಿದ್ಯಾರ್ಥಿಗೆ ಮಹೋಪಕಾರ ಮಾಡುತ್ತದೆ.

ಆಪರೇಷನಲ್ ಆಂಪ್ಲಿಫೈಯರಿನ ಎರಡು ಒಳದ್ವಾರಗಳ ವೋಲ್ಟೇಜುಗಳು ಸಮವೆಂದು ಭಾವಿಸಿ ಲೆಕ್ಕಮಾಡುವುದು ಎಲ್ಲರಿಗೂ ತಿಳಿದ ರೂಢಿ. ಆ ಭಾವನೆ ಯಾವಾಗ ಸುಳ್ಳಾಗುತ್ತದೆ ಎಂಬುದನ್ನು ಪುಸ್ತಕ ಹೇಳಬೇಕು. ಫೀಡ್‌ಬ್ಯಾಕ್ ಋಣವಾಗಿರದೆ ಧನವಾಗಿದ್ದರೆ ಅದು ನಿಲ್ಲದು. ಹೊರಗಿನ ವೋಲ್ಟೇಜು ಸರಬರಾಜಿನ ಮಿತಿಯನ್ನು ಮುಟ್ಟಿದರೆ ನಿಲ್ಲದು. ಸಿಗ್ನಲ್ ಅತಿ ವೇಗವಾಗಿದ್ದರೂ ನಿಲ್ಲದು. ೧೯೬೮ರಲ್ಲಿ ಬಂದ ೭೪೧ ಎಂಬ ಸಾಧನದಲ್ಲಿ ವರ್ಧನೆ ಮತ್ತು ಪಟ್ಟಿಯ ಅಗಲಗಳ ಗುಣಲಬ್ಧ ಸುಮಾರು ೧ ಮೆಗಾಹರ್ಟ್ಸ್. ಆದುದರಿಂದ ೧೦೦ರಷ್ಟು ವರ್ಧನೆ ಬೇಕಾದರೆ ಅದು ೧೦ ಕಿಲೋಹರ್ಟ್ಸ್‌ವರೆಗೆ ಮಾತ್ರ ದೊರೆಯುತ್ತದೆ. ಮೇಲಾಗಿ ಅದರ ಹೊರವೋಲ್ಟೇಜು ಒಂದು ಮೈಕ್ರೊಸೆಕೆಂಡಿನಲ್ಲಿ ಸುಮಾರು ಅರ್ಧ ವೋಲ್ಟಿಗಿಂತ ವೇಗವಾಗಿ ಚಲಿಸಲಾರದು. ೧೦ ವೋಲ್ಟ್ ಶೃಂಗದ ಸೈನ್ ತರಂಗ ಸುಮಾರು ೮ ಕಿಲೋಹರ್ಟ್ಸ್ ದಾಟಿದೊಡನೆ ತ್ರಿಕೋನಾಕಾರಕ್ಕೆ ತಿರುಗತೊಡಗುತ್ತದೆ. ಆದರ್ಶದ ಚಿತ್ರವನ್ನು ಕೊಟ್ಟು, ಅದರ ಎಲ್ಲೆಗಳನ್ನು ಅಂಕಿಗಳಲ್ಲಿ ಗುರುತಿಸುವ ಪುಸ್ತಕವನ್ನೇ ಆರಿಸಬೇಕು.

೪. ಮೂರು ಪುಸ್ತಕಗಳು

ಈ ಎರಡು ಪರೀಕ್ಷೆಗಳಿಗೆ ಮೇಲ್ಕಂಡ ಪುಸ್ತಕಗಳನ್ನು ಒಡ್ಡಿದರೆ ನಮಗೆ ತೋರುವುದು ಹೀಗೆ.

ಸೆಡ್ರಾ ಮತ್ತು ಸ್ಮಿತ್‌ರವರ ಪುಸ್ತಕ ಕ್ರಮಬದ್ಧತೆಗೆ ಹೆಸರಾದುದು. ಈಚಿನ ಆವೃತ್ತಿಗಳಲ್ಲಿ ಆಪರೇಷನಲ್ ಆಂಪ್ಲಿಫೈಯರನ್ನು ಎರಡನೆಯ ಅಧ್ಯಾಯದಲ್ಲಿಯೇ ಇಟ್ಟಿರುವುದರಿಂದ, ಸಾಧನಗಳ ಭೌತಶಾಸ್ತ್ರಕ್ಕೆ ಕಾಯದೆ ಉಪಯುಕ್ತ ಮಂಡಲಗಳನ್ನು ಮೊದಲ ವಾರಗಳಲ್ಲಿಯೇ ಕಟ್ಟಿ ನೋಡಲು ಅವಕಾಶವಿದೆ. ಆದರೆ ಸಾವಿರಕ್ಕೂ ಹೆಚ್ಚು ಪುಟಗಳ ಈ ಗ್ರಂಥವನ್ನು ಒಂದು ಸೆಮಿಸ್ಟರಿನಲ್ಲಿ ಪೂರ್ತಿಗೊಳಿಸುವುದು ಅಸಾಧ್ಯ. ಯಾವ ಅಧ್ಯಾಯಗಳು ಬೇಕು ಎಂಬುದನ್ನು ಅಧ್ಯಾಪಕರು ಮೊದಲೇ ಗೊತ್ತುಮಾಡಬೇಕು. ಇಲ್ಲವಾದರೆ ಪುಸ್ತಕದ ಗಾತ್ರವೇ ವಿದ್ಯಾರ್ಥಿಯ ಧೈರ್ಯವನ್ನು ಕುಗ್ಗಿಸುತ್ತದೆ.

ರಜಾವಿಯವರ ಪುಸ್ತಕ ಡಯೋಡು, ಬೈಪೋಲಾರ್ ಟ್ರಾನ್ಸಿಸ್ಟರು, ಅದರ ವರ್ಧಕಗಳು, ಮಾಸ್ ಟ್ರಾನ್ಸಿಸ್ಟರು, ಅದರ ವರ್ಧಕಗಳು ಎಂಬ ಕ್ರಮದಲ್ಲಿ ಸಾಗಿ, ಆಪರೇಷನಲ್ ಆಂಪ್ಲಿಫೈಯರನ್ನು ಎಂಟನೆಯ ಅಧ್ಯಾಯಕ್ಕೆ ಇಟ್ಟಿದೆ. ಒಂದು ಮಂಡಲ ಏಕೆ ಆ ರೂಪ ತಾಳಿತು, ಹಿಂದಿನ ಮಂಡಲದಲ್ಲಿ ಇದ್ದ ಕೊರತೆ ಏನು ಎಂದು ಮೊದಲು ಕೇಳಿ ಅನಂತರ ಸಮೀಕರಣಕ್ಕೆ ಬರುವುದು ಇದರ ವೈಶಿಷ್ಟ್ಯ. ಮಂಡಲವನ್ನು ಕಣ್ಣಿನಿಂದಲೇ ಓದುವ ಅಭ್ಯಾಸವನ್ನು ಬೆಳೆಸುವುದರಲ್ಲಿ ಇದು ಮುಂದಿದೆ.

ಹಾರೊವಿಟ್ಸ್ ಮತ್ತು ಹಿಲ್‌ರವರ ಪುಸ್ತಕದಲ್ಲಿ ಭೌತಶಾಸ್ತ್ರ ಅತ್ಯಲ್ಪ, ಅನುಭವ ಅಪಾರ. ಸ್ಥೂಲ ಗಣನೆಯ ವಿವೇಕವನ್ನು ಇಷ್ಟು ನಿರ್ಭಯವಾಗಿ ಬೋಧಿಸುವ ಬೇರೊಂದು ಪುಸ್ತಕ ವಿರಳ. ಮೊದಲ ಎರಡು ಆವೃತ್ತಿಗಳಲ್ಲಿ ಅಧ್ಯಾಯಗಳ ಕೊನೆಗೆ ‘ಕೆಟ್ಟ ಮಂಡಲ’ಗಳನ್ನು ಚಿತ್ರಿಸಿ, ಅವು ಏಕೆ ಕೆಲಸ ಮಾಡವು ಎಂದು ಓದುಗರನ್ನೇ ಕೇಳಿರುವುದು ಅನುಕರಣಯೋಗ್ಯವಾದ ಕ್ರಮ. ಆದರೆ ವಿಶ್ಲೇಷಣೆಯ ಕ್ರಮಬದ್ಧ ಶಿಕ್ಷಣ ಇಲ್ಲಿ ಸಾಲದು. ವಿಶ್ವವಿದ್ಯಾನಿಲಯದ ಪಾಠಕ್ಕೆ ಇದೊಂದನ್ನೇ ಆಧಾರವಾಗಿಟ್ಟುಕೊಳ್ಳಲು ನಾವು ಸೂಚಿಸುವುದಿಲ್ಲ.

ಒಟ್ಟಿನಲ್ಲಿ, ಮೊದಲ ಎರಡರಲ್ಲಿ ಒಂದನ್ನು ಪಠ್ಯವಾಗಿಯೂ ಮೂರನೆಯದನ್ನು ಪ್ರಯೋಗಶಾಲೆಯ ಒಡನಾಡಿಯಾಗಿಯೂ ಇಟ್ಟುಕೊಳ್ಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಮಿಲ್‌ಮನ್ ಮತ್ತು ಹಾಲ್ಕಿಯಸ್‌ರವರ ಗ್ರಂಥ ಗ್ರಂಥಾಲಯದಲ್ಲಿರಲಿ. ಡಯೋಡಿನ ಭೌತಶಾಸ್ತ್ರದ ವಿವರಣೆಗಾಗಿ ಅದನ್ನು ಇಂದಿಗೂ ತೆರೆಯಬಹುದು. ಹೊಸ ಆವೃತ್ತಿ ದುಬಾರಿಯೆನಿಸಿದರೆ ಹಳೆಯ ಆವೃತ್ತಿಯನ್ನು ಕೊಳ್ಳಲು ವಿದ್ಯಾರ್ಥಿಗಳು ಸಂಕೋಚಪಡಬೇಕಾಗಿಲ್ಲ. ಮಾಸ್ ಟ್ರಾನ್ಸಿಸ್ಟರಿಗೆ ಕೊಟ್ಟಿರುವ ಸ್ಥಳ ಹೆಚ್ಚು ಕಡಿಮೆಯಾಗಿರಬಹುದು, ಮೂಲತತ್ತ್ವಗಳು ಬದಲಾಗಿಲ್ಲ.

ಮೊದಲ ಓದಿನಲ್ಲಿ ಎರಡು ಪಠ್ಯಗಳನ್ನು ಬೆರೆಸಬಾರದೆಂಬುದನ್ನೂ ಇಲ್ಲಿಯೇ ಹೇಳಬೇಕು. ಚಿಹ್ನೆಗಳು ಒಂದೊಂದು ಪುಸ್ತಕದಲ್ಲಿ ಒಂದೊಂದು ರೀತಿ ಇರುತ್ತವೆ. ಒಂದೇ ಪುಸ್ತಕದೊಳಗೂ ಪದಗಳು ಮೋಸಮಾಡುವುದುಂಟು: ಬೈಪೋಲಾರ್ ಟ್ರಾನ್ಸಿಸ್ಟರು ‘ಸ್ಯಾಚುರೇಷನ್’ ಸ್ಥಿತಿಗೆ ಹೋದರೆ ವರ್ಧನೆ ಕೆಡುತ್ತದೆ, ಮಾಸ್ ಟ್ರಾನ್ಸಿಸ್ಟರಾದರೋ ‘ಸ್ಯಾಚುರೇಷನ್’ ಎಂಬ ಹೆಸರಿನ ಸ್ಥಿತಿಯಲ್ಲಿಯೇ ವರ್ಧಿಸುತ್ತದೆ. ಪದ ಒಂದೇ, ಅರ್ಥ ವಿರುದ್ಧ.

೫. ಓದುವ ಕ್ರಮ

ಉತ್ತಮ ಪುಸ್ತಕ ದೊರೆತ ಮಾತ್ರಕ್ಕೆ ವಿದ್ಯೆ ಕೈಸೇರುವುದಿಲ್ಲ. ಅನಲಾಗ್ ಮಂಡಲಗಳ ಪುಸ್ತಕವನ್ನು ಕಥೆಯಂತೆ ಓದಿದವರಿಗೆ ಎಲ್ಲವೂ ತಿಳಿದಂತೆ ತೋರಿ, ಪುಸ್ತಕ ಮುಚ್ಚಿದೊಡನೆ ಏನೂ ಉಳಿಯುವುದಿಲ್ಲ. ಆದುದರಿಂದ ಈ ಕೆಳಗಿನ ಕ್ರಮವನ್ನು ಸೂಚಿಸುತ್ತೇವೆ.

ಮೊದಲು ಚಿತ್ರವನ್ನು ನೋಡಿ, ಪುಸ್ತಕ ಮುಚ್ಚಿ, ಅದನ್ನು ಕಾಗದದ ಮೇಲೆ ತಿರುಗಿ ಬರೆಯಬೇಕು. ಪ್ರತಿಯೊಂದು ಸಂಧಿಯಲ್ಲಿಯೂ ಇರಬೇಕಾದ ವೋಲ್ಟೇಜನ್ನು ಸ್ಥೂಲವಾಗಿ ಗುರುತಿಸಬೇಕು. ಅನಂತರವೇ ಲೇಖಕರ ಗಣನೆಯನ್ನು ಓದಬೇಕು. ತನ್ನ ಅಂದಾಜಿಗೂ ಪುಸ್ತಕದ ಉತ್ತರಕ್ಕೂ ಶೇಕಡ ೧೦ರ ಒಳಗೆ ವ್ಯತ್ಯಾಸವಿದ್ದರೆ ಮುಂದುವರಿಯಬಹುದು. ಹೆಚ್ಚಾಗಿದ್ದರೆ, ಬಿಡಬಾರದ ಯಾವ ಸಂಗತಿಯನ್ನು ಬಿಟ್ಟೆ ಎಂದು ಹುಡುಕಬೇಕು. ಕಲಿಕೆ ನಡೆಯುವುದು ಈ ಹುಡುಕಾಟದಲ್ಲಿಯೇ.

ಎರಡನೆಯದಾಗಿ, ಪ್ರತಿ ಮಂಡಲಕ್ಕೂ ಒಂದೊಂದು ದೋಷವನ್ನು ಕಲ್ಪಿಸಿಕೊಂಡು ಫಲವನ್ನು ಊಹಿಸಬೇಕು. ಮೇಲಿನ ನಾಲ್ಕು ರೋಧಕಗಳ ಮಂಡಲದಲ್ಲಿ ಬೇಸಿನಿಂದ ಭೂಮಿಗಿರುವ ೧೦ ಕಿಲೋಓಮ್ ಕಡಿದುಹೋದರೆ, ಕಲೆಕ್ಟರು ಎಮಿಟರುಗಳೆರಡೂ ೩ ವೋಲ್ಟಿನ ಆಸುಪಾಸಿಗೆ ಬಂದು ನಿಲ್ಲುತ್ತವೆ. ಎಮಿಟರಿನ ಧಾರಕ ಕಡಿದುಹೋದರೆ ವೋಲ್ಟೇಜುಗಳಾವುವೂ ಬದಲಾಗುವುದಿಲ್ಲ, ವರ್ಧನೆ ಮಾತ್ರ ೧೭೦ರಿಂದ ೩ಕ್ಕೆ ಇಳಿಯುತ್ತದೆ. ಇಂತಹ ಹತ್ತು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡವರು ಸೂತ್ರಕ್ಕೆ ಅಂಕಿ ತುಂಬುವ ಐವತ್ತು ಲೆಕ್ಕ ಮಾಡಿದವರಿಗಿಂತ ಹೆಚ್ಚು ಕಲಿತಿರುತ್ತಾರೆ.

ಮೂರನೆಯದಾಗಿ, ಮಂಡಲವನ್ನು ಕಟ್ಟಿ ಅಳೆಯಬೇಕು. ಒಂದು ಟ್ರಾನ್ಸಿಸ್ಟರು, ನಾಲ್ಕು ರೋಧಕಗಳು, ಬ್ರೆಡ್‌ಬೋರ್ಡು, ಒಂದು ಮಲ್ಟಿಮೀಟರು ಇವುಗಳಿಂದ ಮೇಲಿನ ನಾಲ್ಕು ರೋಧಕಗಳ ಮಂಡಲದ ವೋಲ್ಟೇಜುಗಳನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ೧೯೭೩ರಲ್ಲಿ ಬರ್ಕ್ಲಿಯಲ್ಲಿ ನೇಗಲ್ ಮತ್ತು ಪೀಡರ್ಸನ್ ಪ್ರಕಟಿಸಿದ ಸ್ಪೈಸ್ ಎಂಬ ಗಣಕ ಕಾರ್ಯಕ್ರಮದ ಸಂತತಿ ಇಂದು ಉಚಿತವಾಗಿ ದೊರೆಯುತ್ತದೆ. ಅದನ್ನು ಧಾರಾಳವಾಗಿ ಬಳಸಬಹುದು, ಆದರೆ ಒಂದು ನಿಬಂಧನೆಯೊಡನೆ: ಉತ್ತರ ಎಷ್ಟು ಬರಬೇಕೆಂದು ಮೊದಲು ಕಾಗದದ ಮೇಲೆ ಬರೆದಿಟ್ಟು ಅನಂತರ ಗಣಕವನ್ನು ಕೇಳಬೇಕು. ಗಣಕ ಯಾವುದನ್ನೂ ಬಿಡುವುದಿಲ್ಲ. ಬಿಡುವ ವಿವೇಕವನ್ನು ಅದರಿಂದ ಕಲಿಯಲಾಗದು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳಿಗೂ ಈ ನಿಯಮ ಅನ್ವಯಿಸುತ್ತದೆ. ಉಪನ್ಯಾಸಕರು ಫಲಕದ ಮೇಲೆ ಬರೆಯುವುದಕ್ಕೆ ಮೊದಲೇ ಚಲನಚಿತ್ರವನ್ನು ನಿಲ್ಲಿಸಿ ಮುಂದಿನ ಹೆಜ್ಜೆಯನ್ನು ತಾನೇ ಬರೆದು ನೋಡುವವರಿಗೆ ಮಾತ್ರ ಅವು ಫಲಕೊಡುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿಬಂದ ವಿದ್ಯಾರ್ಥಿಗಳ ವಿಷಯದಲ್ಲಿ ಎರಡು ಮಾತು ಹೇಳುವುದು ಅವಶ್ಯಕ. ವಿದ್ಯುತ್ಪ್ರವಾಹ, ರೋಧ, ಮಂಡಲ ಎಂಬ ಪದಗಳ ಮೂಲಕ ಪ್ರೌಢಶಾಲೆಯಲ್ಲಿ ಪಡೆದ ತಿಳಿವಳಿಕೆ ಅವರಲ್ಲಿ ಭದ್ರವಾಗಿಯೇ ಇರುತ್ತದೆ. ಇಂಗ್ಲಿಷಿನ ದಪ್ಪ ಗ್ರಂಥ ಎದುರಾದಾಗ, ಭಾಷೆಯ ತೊಡಕನ್ನು ವಿಷಯದ ತೊಡಕೆಂದು ಭ್ರಮಿಸಿ ಅನೇಕರು ಎದೆಗುಂದುತ್ತಾರೆ. ಅರ್ಥವಾಗದ ಭಾಗವನ್ನು ಬಾಯಿಪಾಠ ಮಾಡುವ ದಾರಿ ಹಿಡಿಯುತ್ತಾರೆ. ಒಂದೊಂದು ಪ್ರಕರಣವನ್ನು ಓದಿದ ಮೇಲೆ, ಆ ಮಂಡಲ ಏನು ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಐದಾರು ವಾಕ್ಯಗಳಲ್ಲಿ ಬರೆಯುವುದು ಇದಕ್ಕೆ ತಕ್ಕ ಮದ್ದು. ಟ್ರಾನ್ಸಿಸ್ಟರು, ಬಯಾಸ್ ಮೊದಲಾದ ಪದಗಳು ಹಾಗೆಯೇ ಇರಲಿ. ವಾಕ್ಯ ಮಾತ್ರ ತನ್ನದಾಗಿರಲಿ. ತನ್ನ ಭಾಷೆಯಲ್ಲಿ ಹೇಳಲು ಬಾರದುದು ತನಗೆ ತಿಳಿದಿಲ್ಲವೆಂದು ವಿದ್ಯಾರ್ಥಿಗೆ ಆಗ ಸ್ಪಷ್ಟವಾಗುತ್ತದೆ. ಅಧ್ಯಾಪಕರು ಇಂತಹ ಬರವಣಿಗೆಯನ್ನು ಪ್ರಯೋಗದ ದಾಖಲೆಪುಸ್ತಕದಲ್ಲಿ ಸಂತೋಷದಿಂದ ಸ್ವೀಕರಿಸಬೇಕು.

೬. ಅಧ್ಯಾಪಕರ ಹೊಣೆ

ಕೊನೆಯದಾಗಿ, ಪುಸ್ತಕ ಎಷ್ಟೇ ಉತ್ತಮವಾಗಿರಲಿ, ಪ್ರಶ್ನೆಪತ್ರಿಕೆ ಅದಕ್ಕೆ ವಿರುದ್ಧವಾಗಿದ್ದರೆ ವಿದ್ಯಾರ್ಥಿಗಳು ಪ್ರಶ್ನೆಪತ್ರಿಕೆಯನ್ನೇ ಅನುಸರಿಸುತ್ತಾರೆ. ಅದು ಸಹಜವೂ ಹೌದು. ‘ಬೀಟಾ ೧೦೦ ಎಂದಿಟ್ಟುಕೊಂಡು ವರ್ಧನೆಯನ್ನು ಕಂಡುಹಿಡಿಯಿರಿ’ ಎಂಬ ಪ್ರಶ್ನೆಯ ಪಕ್ಕದಲ್ಲಿ, ‘ಬೀಟಾ ೧೦೦ರಿಂದ ೩೦೦ರವರೆಗೆ ಬದಲಾದರೂ ಕಲೆಕ್ಟರ್ ಪ್ರವಾಹ ಶೇಕಡ ೫ಕ್ಕಿಂತ ಹೆಚ್ಚು ಬದಲಾಗದಂತೆ ರೋಧಕಗಳನ್ನು ಆರಿಸಿರಿ, ನೀವು ಬಿಟ್ಟ ಸಂಗತಿಗಳನ್ನೂ ಬಿಟ್ಟ ಕಾರಣವನ್ನೂ ಬರೆಯಿರಿ’ ಎಂಬ ಒಂದು ಪ್ರಶ್ನೆಯನ್ನಾದರೂ ಕೂಡಿಸಬಹುದು. ಇದಕ್ಕೆ ಒಂದೇ ಉತ್ತರವಿಲ್ಲದಿರುವುದರಿಂದ ಮೌಲ್ಯಮಾಪನದ ಶ್ರಮ ಹೆಚ್ಚುತ್ತದೆಂಬುದನ್ನು ಒಪ್ಪುತ್ತೇವೆ. ಆ ಶ್ರಮವನ್ನು ವಹಿಸಿಕೊಳ್ಳಲು ಸಿದ್ಧವಿರುವ ವಿಭಾಗಗಳಲ್ಲಿ ಪುಸ್ತಕದ ಆಯ್ಕೆ ಸಾರ್ಥಕವಾಗುತ್ತದೆ. ಅಲ್ಲಿಂದ ಹೊರಬಂದ ವಿದ್ಯಾರ್ಥಿಗಳು ಮೇಜಿನ ಮೇಲಿನ ಮಂಡಲವನ್ನು ನೋಡಿ, ಅಳೆಯುವುದಕ್ಕೆ ಮುಂಚೆಯೇ ಅದರ ವೋಲ್ಟೇಜುಗಳನ್ನು ಹೇಳಬಲ್ಲವರಾಗುತ್ತಾರೆ.